ಹೋಗ್ತೀನಿ ಎಂದ ಒಬ್ಬಳೇ ಒಬ್ಬಳು

ನಮ್ಮ ಮನೆಯ ಬೋರ್ಡಿನ ಮೇಲೆ 'ಪರಿವರ್ತನಾ ವಸತಿ ಕೇಂದ್ರ' ಎಂದು ಬರೆದಿದೆ. ಅಂಚೆಯವನನ್ನು ಬಿಟ್ಟರೆ ಆ ಹೆಸರನ್ನು ಪೂರ್ತಿ ಓದಿದವರನ್ನು ನಾನು ಕಂಡಿಲ್ಲ. ಬೀದಿಯವರ ಬಾಯಲ್ಲಿ ಅದು ಒಂಬತ್ತು ತಿಂಗಳ ಮನೆ. ತಲೆಯ ಮೇಲಿನ ಸೂರು ಕಳೆದುಕೊಂಡವರು ಇಲ್ಲಿ ಒಂಬತ್ತು ತಿಂಗಳು ಇರಬಹುದು. ಅಷ್ಟರೊಳಗೆ ಒಂದು ಕೆಲಸ, ಒಂದು ಬಾಡಿಗೆ ಕೋಣೆ ಹುಡುಕಿಕೊಂಡು ಹೊರಡಬೇಕು. "ಹೊತ್ತು ಹೆರೋ ಮನೆ," ಎನ್ನುತ್ತಾನೆ ಎದುರಿನ ಕ್ಷೌರದಂಗಡಿಯವನು. "ದಿನ ತುಂಬಿದ ಮೇಲೆ ಒಂದು ಗಂಟೆ ಜಾಸ್ತಿ ಒಳಗೆ ಇಟ್ಕೊಳ್ಳಲ್ಲ."

ಮೊದಲು ಅದು ರಟ್ಟಿನ ಪೆಟ್ಟಿಗೆ ಮಾಡುವ ಕಾರ್ಖಾನೆಯಾಗಿತ್ತು. ಈಗ ಪ್ಲೈವುಡ್ಡಿನ ಗೋಡೆ ನಿಲ್ಲಿಸಿ ಒಂಬತ್ತು ಕೋಣೆ ಮಾಡಿದ್ದಾರೆ. ಒಂದನೇ ಕೋಣೆಯಲ್ಲಿ ಕೆಮ್ಮಿದರೆ ಮೂರನೇ ಕೋಣೆಯಿಂದ ಬಿಸಿನೀರು ಕುಡಿ ಎಂಬ ಸಲಹೆ ಬರುತ್ತದೆ. ಮನೆ ನೋಡಿಕೊಳ್ಳುವವಳು ನನ್ನ ಮಗಳಿಗಿಂತ ಚಿಕ್ಕವಳು, ಆದರೆ ಎಲ್ಲರೂ ಅವಳನ್ನು ದೊಡ್ಡಕ್ಕ ಎನ್ನುತ್ತಾರೆ. ನಾನೂ ಹಾಗೇ ಕರೆಯುತ್ತೇನೆ. ಕಾಲೇಜು ಗ್ರಂಥಾಲಯದಿಂದ ನಿವೃತ್ತಳಾದ ಮೇಲೆ ವಾರಕ್ಕೆ ಮೂರು ಬೆಳಿಗ್ಗೆ ನಾನು ಅಲ್ಲಿಗೆ ಹೋಗಿ ರಿಜಿಸ್ಟರು ಬರೆಯುತ್ತೇನೆ. ಯಾರು ಯಾವಾಗ ಬಂದರು, ಯಾರು ಯಾವಾಗ ಹೋದರು, ಎಷ್ಟು ಕಂಬಳಿ ಕೊಟ್ಟೆವು, ಇಂಥವು. ಅದಕ್ಕೇ ನನಗೆ ಅಲ್ಲಿ ಪುಸ್ತಕದಮ್ಮ ಎಂಬ ಹೆಸರು.

ಈ ಮನೆಯನ್ನು ನಡೆಸುವುದು ಒಂದು ಪ್ರತಿಷ್ಠಾನ ಕೊಡುವ ಅನುದಾನ. ಮೂರು ವರ್ಷದ ಅನುದಾನ ಆ ತಿಂಗಳ ಕೊನೆಗೆ ಮುಗಿಯುತ್ತಿತ್ತು. ಮುಂದಿನದು ಬರದಿದ್ದರೆ ಬಾಗಿಲು ಹಾಕಬೇಕು. ಅರ್ಜಿ ಅರವತ್ತೆರಡು ಪುಟ. ಅದನ್ನು ಕಂಪ್ಯೂಟರಿನಲ್ಲಿ ತುಂಬಬೇಕು. ಒಂದು ಪ್ರಶ್ನೆಗೆ ಉತ್ತರ ಕೊಡದೆ ಮುಂದಿನ ಪ್ರಶ್ನೆ ಮುಖ ತೋರಿಸುವುದಿಲ್ಲ. ಹದಿನಾಲ್ಕನೇ ಪ್ರಶ್ನೆಯಲ್ಲಿ ನಾವು ಅರ್ಧ ದಿನ ಸಿಕ್ಕಿಹಾಕಿಕೊಂಡೆವು. ಈಗ ವಾಸವಿರುವ ಪ್ರತಿಯೊಂದು ಕುಟುಂಬದ ಬಗೆ ಯಾವುದು ಎಂದು ಕೇಳಿದ್ದರು. ಒಂಟಿ ಮಹಿಳೆ, ಒಂಟಿ ಪುರುಷ, ತಾಯಿ ಮತ್ತು ಮಗು, ದಂಪತಿ. ನಾಲ್ಕರಲ್ಲಿ ಒಂದನ್ನು ಆರಿಸಬೇಕು.

ಆರನೇ ಕೋಣೆಯಲ್ಲಿ ಇದ್ದವರು ಅತ್ತೆ ಮತ್ತು ಸೊಸೆ.

ಅವರು ಬಂದ ಕಥೆ ಹೀಗೆ. ಗಂಡ ಇನ್ನೊಬ್ಬಳನ್ನು ಮನೆಗೆ ಕರೆತಂದು ಹೆಂಡತಿಗೆ ಹೊರಡು ಎಂದ. "ಇವಳು ಹೋದ್ರೆ ನಾನೂ ಹೋಗ್ತೀನಿ" ಎಂದಳು ಅವನ ತಾಯಿ, ಮಗ ಹೆದರುತ್ತಾನೆಂದು ತಿಳಿದು. ಮಗ ಬಾಗಿಲು ಪೂರ್ತಿ ತೆರೆದು ಹಿಡಿದುಕೊಂಡ. ಹಾಗೆ ಇಬ್ಬರೂ ಒಂದೇ ಚೀಲದೊಂದಿಗೆ ನಮ್ಮಲ್ಲಿಗೆ ಬಂದರು. ಆ ಚೀಲ ಹೊರುವ ಸರದಿ ಯಾರದು ಎಂಬ ಜಗಳ ಮಾತ್ರ ಇನ್ನೂ ಮುಗಿದಿರಲಿಲ್ಲ.

"ಒಂಟಿ ಮಹಿಳೆ ಅಂತ ಹಾಕ್ಲಾ?" ದೊಡ್ಡಕ್ಕ ಕೇಳಿದಳು.

"ಇಬ್ಬರಿದ್ದೀವಲ್ಲಾ ಅಕ್ಕ," ಎಂದಳು ಸೊಸೆ.

"ಹಾಗಾದ್ರೆ ತಾಯಿ ಮತ್ತು ಮಗು."

"ಯಾರು ಮಗು?" ಅತ್ತೆ ಕನ್ನಡಕ ಏರಿಸಿಕೊಂಡಳು. "ಇವಳಾ? ನನ್ನ ಹೊಟ್ಟೇಲಿ ಹುಟ್ಟಿದ್ರೆ ಟೀ ಹೀಗೆ ಮಾಡ್ತಿದ್ಲಾ?"

"ನಿಮ್ಮ ಹೊಟ್ಟೇಲಿ ಹುಟ್ಟಿದವರು ಏನು ಮಾಡಿದ್ರು ಅಂತ ನೋಡಿದೀವಲ್ಲ ಅತ್ತೆ."

ಅತ್ತೆಯೇ ಮೊದಲು ನಕ್ಕಳು. "ಅದೂ ನಿಜ. ಇನ್ನೇನಿದೆಯಮ್ಮ ಅದರಲ್ಲಿ?"

"ದಂಪತಿ ಒಂದೇ ಉಳಿದಿರೋದು."

"ಅದನ್ನೇ ಒತ್ತು. ನಮ್ಮ ಜಗಳ ಕೇಳಿದೋರು ಯಾರೂ ಅನುಮಾನ ಪಡಲ್ಲ."

ಕಂಪ್ಯೂಟರು ಒಪ್ಪಿಕೊಂಡು ಹದಿನೈದನೇ ಪ್ರಶ್ನೆ ತೋರಿಸಿತು.

ನಗುತ್ತಿದ್ದೆವು, ಆದರೆ ಆ ಅರ್ಜಿಯ ಮೇಲೆ ಅವರಿಬ್ಬರ ಬದುಕು ನಿಂತಿತ್ತು. ಸೊಸೆಗೆ ದೊಡ್ಡ ಆಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸ ಸಿಕ್ಕಿತ್ತು, ಆರು ತಿಂಗಳು ಪರೀಕ್ಷೆಯ ಮೇಲೆ. ಒಂದು ದಿನವೂ ತಪ್ಪದೆ, ತಡವಾಗದೆ ಆರು ತಿಂಗಳು ದುಡಿದರೆ ಕಾಯಂ. ಕಾಯಂ ಆದವರಿಗೆ ಆಸ್ಪತ್ರೆಯ ಹಿಂದಿನ ಕ್ವಾರ್ಟರ್ಸಿನಲ್ಲಿ ಒಂದು ಕೋಣೆ. ಆರು ತಿಂಗಳಲ್ಲಿ ಇನ್ನು ಹನ್ನೆರಡು ವಾರ ಬಾಕಿ ಇತ್ತು. ನಮ್ಮ ಬಾಗಿಲು ಈ ತಿಂಗಳ ಕೊನೆಗೆ ಮುಚ್ಚಿದರೆ ಅವರು ಹೋಗಬೇಕಾದ್ದು ಬಾಗಿಲು ತೆರೆದು ಹಿಡಿದಿದ್ದನಲ್ಲ, ಅವನ ಮುಂದೆ. ಅದು ಆರು ಗಂಟೆಯ ಪ್ರಯಾಣದ ಊರು. ಅಲ್ಲಿಂದ ಯಾರೂ ಬೆಳಗಿನ ಐದೂವರೆ ಪಾಳಿಗೆ ಬಂದು ಹೋಗಲಾಗದು.

ಅರ್ಜಿ ಹಾಕಿದ ಹನ್ನೆರಡನೇ ದಿನ ಪತ್ರ ಬಂತು. ದೊಡ್ಡಕ್ಕ ಅದನ್ನು ಎರಡು ಸಲ ಓದಿ ನನ್ನ ಕೈಗೆ ಕೊಟ್ಟಳು. "ಪುಸ್ತಕದಮ್ಮ, ನಂಗೆ ಭಾಷೆ ಮರೆತುಹೋಗಿದೆಯಾ ನೋಡಿ."

ಪತ್ರದಲ್ಲಿ ಹೀಗಿತ್ತು. ಅರ್ಜಿಯೊಂದಿಗೆ ಸಲ್ಲಿಸಿದ ರಿಜಿಸ್ಟರಿನ ಪ್ರತಿಯನ್ನು ಕಂಪ್ಯೂಟರಿನ ಮೂಲಕ ಪರಿಶೀಲಿಸಲಾಗಿದೆ. ಮೂರು ವರ್ಷಗಳಲ್ಲಿ ನಿರ್ಗಮಿಸಿದ ನಲವತ್ತನಾಲ್ಕು ಕುಟುಂಬಗಳ ಪೈಕಿ ನಲವತ್ತಮೂರು ಕುಟುಂಬಗಳು ಕೇಂದ್ರಕ್ಕೆ ಹಿಂದಿರುಗುವ ಸ್ಪಷ್ಟ ಇಂಗಿತ ವ್ಯಕ್ತಪಡಿಸಿವೆ. ಇದು ತೀವ್ರ ಅವಲಂಬನೆಯ ಲಕ್ಷಣ. ಆದ್ದರಿಂದ ಅನುದಾನವನ್ನು ತಡೆಹಿಡಿಯಲಾಗಿದೆ. ಮೌಲ್ಯಮಾಪಕರು ಇಪ್ಪತ್ತಮೂರನೇ ತಾರೀಕು ಖುದ್ದು ಭೇಟಿ ನೀಡುವರು.

"ಮೂರು ವರ್ಷದಲ್ಲಿ ತಿರುಗಿ ಬಂದವರು ಯಾರಿದ್ದಾರೆ?" ದೊಡ್ಡಕ್ಕ ಬೆರಳು ಮಡಿಸಿದಳು. "ಲಿಫ್ಟಿನವರ ಮಗಳು ಬಕೆಟ್ಟು ಮರೆತಿದ್ದೆ ಅಂತ ಬಂದಳು. ಗುಂಡಿ ಹೊಲಿಯೋ ಅಕ್ಕ ಮದುವೆ ಆಯ್ತು ಅಂತ ಹೇಳಕ್ಕೆ ಬಂದ್ರು. ಅಷ್ಟೇ. ಇಂಗಿತ ಎಲ್ಲಿಂದ ಬಂತು?"

ನನ್ನಿಂದ ಬಂದಿತ್ತು.

ಮೂರು ವರ್ಷದ ಹಿಂದೆ ಪ್ರತಿಷ್ಠಾನದವರೇ ರಿಜಿಸ್ಟರಿಗೆ ಒಂದು ಹೊಸ ಕಾಲಂ ಸೇರಿಸಿ ಎಂದಿದ್ದರು. ತಲೆಬರಹ: 'ನಿರ್ಗಮನ ಹೇಳಿಕೆ, ಯಥಾವತ್ತಾಗಿ'. ಗ್ರಂಥಾಲಯದಲ್ಲಿ ಮೂವತ್ತು ವರ್ಷ ಪುಸ್ತಕದ ಹೆಸರನ್ನು ಒಂದು ಒತ್ತೂ ತಪ್ಪದ ಹಾಗೆ ಬರೆದವಳಿಗೆ ಯಥಾವತ್ತಾಗಿ ಎಂದರೆ ಯಥಾವತ್ತಾಗಿ. ಯಾರು ಹೊರಟರೂ ಬಾಗಿಲಲ್ಲಿ ಅವರ ಬಾಯಿಂದ ಬಂದದ್ದನ್ನು ಹಾಗ್ಹಾಗೇ ಬರೆದಿದ್ದೆ. ರಿಜಿಸ್ಟರು ತೆರೆದು ಬೆರಳಿಟ್ಟು ಓದುತ್ತಾ ಹೋದೆ. ಬರ್ತೀನಿ ದೊಡ್ಡಕ್ಕ. ಬರ್ತೀವಿ. ಹೋಗಿ ಬರ್ತೀನಿ ಪುಸ್ತಕದಮ್ಮ. ಬರ್ಲಾ? ಬರ್ತೀನಿ, ಬರ್ತೀನಿ, ಬಸ್ಸು ಬಂತು.

"ಅಯ್ಯೋ," ಎಂದು ದೊಡ್ಡಕ್ಕ ನನ್ನ ಪಕ್ಕದಲ್ಲೇ ನೆಲದ ಮೇಲೆ ಕುಳಿತಳು.

ಅತ್ತೆ ನಮ್ಮಿಬ್ಬರನ್ನೂ ನೋಡಿದಳು. "ಮತ್ತೇನು ಹೇಳಬೇಕಿತ್ತು ಅವರೆಲ್ಲ? ಹೋಗ್ತೀನಿ ಅನ್ನಬೇಕಿತ್ತಾ, ಹೆಣ ಹೋದ ಹಾಗೆ?"

"ಕಂಪ್ಯೂಟರಿಗೆ ಬರ್ತೀನಿ ಅಂದ್ರೆ ಬರ್ತೀನಿ ಅಂತ ಅಷ್ಟೇ ಅಜ್ಜಿ," ಎಂದಳು ದೊಡ್ಡಕ್ಕ.

"ಅದನ್ನ ಹೆತ್ತವರು ಅದಕ್ಕೆ ಮಾತು ಕಲಿಸ್ಲಿಲ್ವಾ?"

ನನಗೆ ಮುಖ ಎತ್ತಲಾಗಲಿಲ್ಲ. ಸೊಸೆ ಬಂದು ರಿಜಿಸ್ಟರನ್ನು ನನ್ನ ಮಡಿಲಿಂದ ಮೆಲ್ಲಗೆ ತೆಗೆದು ಮೇಜಿನ ಮೇಲಿಟ್ಟಳು. "ಬಿಡಿ ಪುಸ್ತಕದಮ್ಮ. ಸುಳ್ಳು ಬರೆದು ಸಿಕ್ಕಿಬಿದ್ದಿಲ್ವಲ್ಲ," ಎಂದಳು. ಹತ್ತು ವಾರದ ಸೂರು ಹೋಗುತ್ತಿದ್ದದ್ದು ಅವಳದು. ಸಮಾಧಾನ ಹೇಳುತ್ತಿದ್ದವಳೂ ಅವಳೇ.

ಪತ್ರಕ್ಕೆ ಎರಡನೇ ಪುಟವಿತ್ತು. ನಲವತ್ತನಾಲ್ಕರಲ್ಲಿ ಒಂದು ಕುಟುಂಬ ಮಾತ್ರ ಯಶಸ್ವಿಯಾಗಿ ನಿರ್ಗಮಿಸಿದೆ. ಕ್ರಮಸಂಖ್ಯೆ ಹತ್ತೊಂಬತ್ತು. ಇವರ ನಿರ್ಗಮನ ಹೇಳಿಕೆ ಅತ್ಯಂತ ದೃಢವಾಗಿದ್ದು ಮಾದರಿಯಾಗಿದೆ. ಭೇಟಿಯ ದಿನ ಇವರನ್ನು ತಪ್ಪದೆ ಹಾಜರುಪಡಿಸುವುದು.

ಹತ್ತೊಂಬತ್ತನೇ ಸಾಲಿನಲ್ಲಿ ನನ್ನದೇ ಅಕ್ಷರ: 'ಹೋಗ್ತೀನಿ. ಇನ್ನು ಈ ಕಡೆ ತಲೆ ಹಾಕಿ ಮಲಗೋದೂ ಇಲ್ಲ.'

ಅದು ಗುಡುಗಮ್ಮ. ನಾಲ್ಕನೇ ಕೋಣೆಯಲ್ಲಿದ್ದವಳು. ಗಟ್ಟಿ ಹೆಂಗಸು, ಮಾತಾಡಿದರೆ ಪ್ಲೈವುಡ್ಡು ನಡುಗುತ್ತಿತ್ತು. ಮಹಡಿಯ ಮೇಲೆ ತಾನು ಕಟ್ಟಿದ ಬಟ್ಟೆ ಹಗ್ಗಕ್ಕೆ ಯಾರೋ ನೆಂದ ಕಂಬಳಿ ಹಾಕಿ ಹರಿದರು ಎಂದು ಶುರುವಾದ ಜಗಳ ಎಂಟು ದಿನ ನಡೆದು, ಹೊರಡುವ ಬೆಳಿಗ್ಗೆ ತಾರಕಕ್ಕೇರಿತ್ತು. ದೊಡ್ಡಕ್ಕನನ್ನು ಬೈದಳು, ನನ್ನನ್ನು ಬೈದಳು, ಎದುರಂಗಡಿಯವನು ಇಣುಕಿದನೆಂದು ಅವನನ್ನೂ ಸೇರಿಸಿದಳು. ಮೂರು ವರ್ಷದಲ್ಲಿ ನಮ್ಮ ಮನೆಯಿಂದ ಕೋಪಿಸಿಕೊಂಡು ಹೋದವಳು ಅವಳೊಬ್ಬಳೇ. ಪ್ರತಿಷ್ಠಾನದ ಕಣ್ಣಿಗೆ ನಾವು ಗೆದ್ದದ್ದು ಅಲ್ಲೊಂದೇ ಕಡೆ.

"ಈಗ ಅವಳನ್ನ ಎಲ್ಲಿಂದ ಹುಡುಕೋದು?" ಎಂದಳು ದೊಡ್ಡಕ್ಕ. "ಹುಡುಕಿದ್ರೂ ಬರ್ತಾಳಾ? ತಲೆ ಹಾಕಿ ಮಲಗಲ್ಲ ಅಂದೋಳು."

ಸೊಸೆ ಸೆರಗಿನ ತುದಿ ಸುತ್ತುತ್ತಾ ನಿಂತಿದ್ದಳು. "ಅಕ್ಕ, ಅವರು ಎಲ್ಲಿರ್ತಾರೆ ಅಂತ ನಂಗೊತ್ತು. ಆಸ್ಪತ್ರೆ ಲಾಂಡ್ರಿ ವ್ಯಾನು ಓಡ್ಸೋದು ಅವರೇ."

"ನಿಂಗೆ ಹೇಗೆ ಗೊತ್ತು? ನೀನು ಬರೋ ಹೊತ್ತಿಗೆ ಅವಳು ಹೋಗಿ ಒಂದೂವರೆ ವರ್ಷ ಆಗಿತ್ತು."

"ದಿನಾ ನನ್ನ ಕರ್ಕೊಂಡು ಹೋಗೋದೂ ಅವರೇ."

ಅತ್ತೆ ಸೊಸೆಯ ಕಡೆ ತಿರುಗಿದಳು. "ಬಸ್ಸಲ್ಲಿ ಹೋಗ್ತೀನಿ ಅಂತಿದ್ದೆಯಲ್ಲೇ."

"ಅಷ್ಟೊತ್ತಿಗೆ ಬಸ್ಸೆಲ್ಲಿದೆ ಅತ್ತೆ? ಮೊದಲ ವಾರ ನಡ್ಕೊಂಡೇ ಹೋಗ್ತಿದ್ದೆ. ಚಳಿ ಅಂತ ಈ ಮನೆ ಕಂಬಳಿ ಹೊದ್ದಿದ್ದೆ. ಒಂದಿನ ಪಕ್ಕದಲ್ಲಿ ವ್ಯಾನು ನಿಂತಿತು. 'ಆ ನೀಲಿ ಚೌಕದ ಕಂಬಳಿ ನಂಗೆ ಗೊತ್ತಿಲ್ವಾ, ಹತ್ತು' ಅಂದ್ರು. ಯಾರಿಗಾದ್ರೂ ಹೇಳಿದ್ರೆ ಮಾರನೇ ದಿನದಿಂದ ನಡ್ಕೊಂಡು ಬಾ ಅಂತಾನೂ ಅಂದ್ರು."

ಮರುದಿನ ದೊಡ್ಡಕ್ಕನೂ ನಾನೂ ಆಸ್ಪತ್ರೆಯ ಹಿಂದಿನ ಅಂಗಳಕ್ಕೆ ಹೋದೆವು. ಗುಡುಗಮ್ಮ ವ್ಯಾನಿನ ಬಾಗಿಲು ತೆರೆದು ಹಾಸಿಗೆ ಬಟ್ಟೆಯ ಮೂಟೆಗಳನ್ನು ಎಸೆಯುತ್ತಿದ್ದಳು. ನಮ್ಮನ್ನು ನೋಡಿ ಇನ್ನೆರಡು ಮೂಟೆ ಎಸೆದ ಮೇಲೆ ಮಾತಾಡಿದಳು.

"ಏನು, ಹೊರಡೋವಾಗ ಬಿಚ್ಕೊಂಡು ಬಂದ ಬಲ್ಬು ಕೇಳಕ್ಕೆ ಬಂದ್ರಾ? ಅದು ನಾನು ತಂದು ಹಾಕಿದ್ದು."

"ಬಲ್ಬು ನಿಮ್ಮದೇ," ಎಂದಳು ದೊಡ್ಡಕ್ಕ. "ನಿಮ್ಮನ್ನೇ ಕೇಳಕ್ಕೆ ಬಂದಿದ್ದು."

ವಿಷಯ ಹೇಳಿದೆವು. ಕೇಳುತ್ತಾ ಕೇಳುತ್ತಾ ಅವಳ ಹುಬ್ಬು ಮೇಲೇರಿತು.

"ಅಂದ್ರೆ ನಿಮಗೆಲ್ಲ ಬೈದು ಹೋದವಳು ನಾನು. ಅದಕ್ಕೆ ನಂಗೆ ಫಸ್ಟ್ ಕ್ಲಾಸು."

"ಹಾಗೇ ಅಂದ್ಕೊಳ್ಳಿ."

"ಇನ್ನೊಂದಿಷ್ಟು ಬೈದಿದ್ರೆ?"

"ಇನ್ನೊಂದು ಮಹಡಿ ಕಟ್ಟಿಸಿಕೊಡ್ತಿದ್ರೇನೋ," ಎಂದೆ ನಾನು.

ಅವಳು ಮೂಟೆಯ ಮೇಲೆ ಕುಳಿತು ನಕ್ಕಳು. ನಗು ಮುಗಿದ ಮೇಲೆ, "ಆ ಹುಡುಗೀಗೆ ಇನ್ನೆಷ್ಟು ವಾರ ಬೇಕು?" ಎಂದು ಕೇಳಿದಳು. ಹತ್ತು ಎಂದೆವು. "ಬರ್ತೀನಿ. ಆದ್ರೆ ಸುಳ್ಳು ಹೇಳು ಅನ್ನಬೇಡಿ. ನನ್ನ ಮುಖ ನೋಡಿದ್ರೆ ಗೊತ್ತಾಗಿಬಿಡುತ್ತೆ."

ಇಪ್ಪತ್ತಮೂರನೇ ತಾರೀಕು ಬೆಳಿಗ್ಗೆ ಹತ್ತಕ್ಕೆ ಮೌಲ್ಯಮಾಪಕ ಬಂದ. ಏನೋ ದೊಡ್ಡ ಮನುಷ್ಯ ಬರುತ್ತಾನೆಂದು ಕಾದಿದ್ದೆವು. ಬಂದವನು ತೆಳ್ಳಗಿನ, ಕಾಲರಿನ ಅಂಚು ಸವೆದ ಅಂಗಿಯ ಮನುಷ್ಯ. ಬಗಲಲ್ಲಿ ಟ್ಯಾಬ್ಲೆಟ್ಟು. ಕೊಟ್ಟ ಟೀ ಕುಡಿದು, ಲೋಟ ತಾನೇ ತೊಳೆದು, ಯಾವ ಮೊಳೆಗೆ ನೇತುಹಾಕಲಿ ಎಂದು ಕೇಳಿದ. ಅಲ್ಲಿಗೆ ಅತ್ತೆಗೆ ಅವನ ಮೇಲಿದ್ದ ಕೋಪ ಅರ್ಧ ಇಳಿಯಿತು.

ಗುಡುಗಮ್ಮ ಒಗೆದ ಬಟ್ಟೆ ಉಟ್ಟು, ಕುರ್ಚಿಯ ತುದಿಯಲ್ಲಿ ಕುಳಿತಿದ್ದಳು. ಎರಡು ವರ್ಷದ ಮೇಲೆ ಅವಳು ಆ ಹೊಸ್ತಿಲು ದಾಟಿದ್ದು ಅದೇ ಮೊದಲು. ಲಾಂಡ್ರಿಯಲ್ಲಿ ವಾರದ ರಜೆ ಇದ್ದದ್ದರಿಂದ ಸೊಸೆಯೂ ಮನೆಯಲ್ಲಿದ್ದಳು.

"ಕ್ರಮಸಂಖ್ಯೆ ಹತ್ತೊಂಬತ್ತು ನೀವೇನಾ?"

"ನಾನೇ."

"ಇವತ್ತು ಬಿಟ್ಟರೆ, ಇಲ್ಲಿಂದ ಹೋದ ಮೇಲೆ ಮತ್ತೆ ಕೇಂದ್ರಕ್ಕೆ ಬಂದಿದ್ದೀರಾ?"

ಗುಡುಗಮ್ಮ ನನ್ನನ್ನೊಮ್ಮೆ ನೋಡಿ, "ಒಳಗೆ ಬಂದಿಲ್ಲ. ಮೂಲೆವರೆಗೆ ದಿನಾ ಬರ್ತೀನಿ" ಎಂದಳು.

ಅವನ ಬೆರಳು ಟ್ಯಾಬ್ಲೆಟ್ಟಿನ ಮೇಲೆ ನಿಂತಿತು. "ದಿನಾ?"

"ದಿನಾ. ಬೆಳಿಗ್ಗೆ ಐದಕ್ಕೆ."

"ಮೂಲೆ ಅಂದ್ರೆ ಎಷ್ಟು ದೂರ?" ಅವನು ಏನನ್ನೋ ಹುಡುಕಿ ಓದಿದ. "ಕೇಂದ್ರದ ಆವರಣ ಅಂದ್ರೆ ಗೇಟಿನಿಂದ ಹದಿನೈದು ಮೀಟರ್ ಸೇರಿದ ಹಾಗೆ ಅಂತಿದೆ. ಅದರೊಳಗೆ ಬಂದಿದ್ರೆ ಹಿಂದಿರುಗಿದ ಲೆಕ್ಕ. ಆಚೆ ಆದ್ರೆ ಏನೂ ಅಲ್ಲ."

ಎಲ್ಲರೂ ಎದ್ದು ಗೇಟಿಗೆ ಹೋದೆವು. ಅಳತೆಯ ಪಟ್ಟಿ ಯಾರಲ್ಲೂ ಇರಲಿಲ್ಲ. ಹೆಜ್ಜೆಗೊಂದು ಮೀಟರ್ ಎಂದು ಅವನು ಒಂದೊಂದೇ ಉದ್ದನೆಯ ಹೆಜ್ಜೆ ಹಾಕುತ್ತಾ ಹೊರಟ. ಹಿಂದೆ ಅತ್ತೆ ಗಟ್ಟಿಯಾಗಿ ಎಣಿಸುತ್ತಾ, ಅವಳ ಹಿಂದೆ ನಾವು. ಕ್ಷೌರದಂಗಡಿಯವನು ಅರ್ಧ ಕತ್ತರಿಸಿದ ತಲೆಯೊಂದನ್ನು ಬಿಟ್ಟು ಹೊರಗೆ ಓಡಿಬಂದ.

"ಸಾರ್, ರಸ್ತೆ ಅಗಲ ಮಾಡ್ತಾರಾ?"

"ಇಲ್ಲ. ಯಶಸ್ಸು ಅಳೀತಿದ್ದೀವಿ," ಎಂದ ಮೌಲ್ಯಮಾಪಕ, ತಲೆ ಎತ್ತದೆ.

ದೀಪದ ಕಂಬದ ಹತ್ತಿರ ಹದಿನಾರೂವರೆ ಹೆಜ್ಜೆ ಆಯಿತು. ಗುಡುಗಮ್ಮ ದಿನವೂ ವ್ಯಾನು ನಿಲ್ಲಿಸುತ್ತಿದ್ದದ್ದು ಕಂಬದ ಆಚೆಗೆ. ದೊಡ್ಡಕ್ಕ ಕಂಬಕ್ಕೆ ಒರಗಿದಳು. "ನಾಳೆಯಿಂದ ಇನ್ನೆರಡು ಹೆಜ್ಜೆ ಆಚೆ ನಿಲ್ಲಿಸ್ತೀನಿ, ಯಾಕೆ ಸುಮ್ನೆ," ಎಂದಳು ಗುಡುಗಮ್ಮ.

ಹೀಗೆ ನಮ್ಮ ಒಂದು ಗೆಲುವು ಉಳಿಯಿತು. ಉಳಿದ ನಲವತ್ತಮೂರು ಸೋಲು ಹಾಗೇ ಇತ್ತು. ಒಳಗೆ ಬಂದು ಕುಳಿತ ಮೇಲೆ ಅತ್ತೆ ಅವನೆದುರು ಕುರ್ಚಿ ಎಳೆದುಕೊಂಡಳು. ಎರಡು ದಿನದಿಂದ ಅವಳು ಈ ಮಾತಿಗೆ ತಯಾರಾಗಿದ್ದಳು.

"ನೋಡಪ್ಪ, ನೀನು ಬೆಳಿಗ್ಗೆ ಮನೆಯಿಂದ ಹೊರಡೋವಾಗ ನಿಮ್ಮಮ್ಮಂಗೆ ಏನಂತ ಹೇಳ್ತೀಯ?"

"ಬರ್ತೀನಿ ಅಂತೀನಿ ಅಜ್ಜಿ," ಎಂದ ಅವನು ಸಾವಕಾಶವಾಗಿ. "ನಂಗೂ ಗೊತ್ತು. ರಿಜಿಸ್ಟರಿನ ಮೊದಲ ಪುಟ ನೋಡಿದ ಕೂಡಲೇ ಗೊತ್ತಾಯ್ತು. ಮೇಲಿನವರಿಗೆ ಹೇಳಿದೆ. ಅವರಿಗೂ ಗೊತ್ತು. ಅವರ ಮೇಲಿನವರಿಗೂ ಗೊತ್ತು."

ಅತ್ತೆಯ ತಯಾರಿಯೆಲ್ಲ ನೀರುಪಾಲಾಯಿತು. "ಎಲ್ಲರಿಗೂ ಗೊತ್ತಿದ್ರೆ ಮತ್ತೇನು ಕಷ್ಟ?"

"ಗೊತ್ತಿರೋದನ್ನ ಬರೆಯೋಕೆ ಕಾಲಂ ಇಲ್ಲ."

ಸೊಸೆ ಖಾಲಿ ಲೋಟಗಳನ್ನು ಎತ್ತಿಕೊಂಡು ಅಡುಗೆಮನೆಗೆ ಹೋದಳು. ಅಲ್ಲಿ ನಲ್ಲಿ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಹರಿಯಿತು. ಮೌಲ್ಯಮಾಪಕ ಆ ಕಡೆ ನೋಡಿದ. ಆಮೇಲೆ ಟ್ಯಾಬ್ಲೆಟ್ಟನ್ನು ತೊಡೆಯ ಮೇಲೆ ನೆಟ್ಟಗೆ ಇಟ್ಟುಕೊಂಡ.

"ಒಂದು ದಾರಿ ಇದೆ. ಪ್ರತಿ ಕುಟುಂಬದ ಮುಂದೆ ಹಿಂದಿರುಗುವ ಇಂಗಿತ ಇದೆ, ಇಲ್ಲ ಅಂತ ಎರಡು ಚೌಕ ಇದೆ. ಇನ್ನೂ ಕೆಳಗೆ ಹೋದ್ರೆ 'ಅನ್ವಯಿಸುವುದಿಲ್ಲ' ಅಂತ ಸಣ್ಣದೊಂದಿದೆ. ಅದನ್ನ ಯಾರೂ ಒತ್ತಲ್ಲ."

"ಯಾಕೆ?" ಎಂದೆ.

"ಒತ್ತಿದ್ರೆ ಕಾರಣ ಕೇಳುತ್ತೆ. ಕಡಿಮೆ ಅಂದ್ರೆ ನಲವತ್ತು ಅಕ್ಷರ. ಒಂದು ಸಲ ಬರೆದ ಕಾರಣ ಇನ್ನೊಂದು ಸಲ ಬರೆದ್ರೆ ತಗೊಳ್ಳಲ್ಲ. ಇಂಥ ನಲವತ್ತಮೂರು ಬೇಕು. ನಾಲ್ಕು ಗಂಟೆಗೆ ಪೋರ್ಟಲ್ ಮುಚ್ಚುತ್ತೆ." ಗಡಿಯಾರ ಹನ್ನೊಂದೂವರೆ ತೋರಿಸುತ್ತಿತ್ತು. "ಮಧ್ಯಾಹ್ನ ನಾನು ಇನ್ನೊಂದು ಕೇಂದ್ರಕ್ಕೆ ಹೋಗಬೇಕಿತ್ತು. ನಾಳೆ ಹೋಗ್ತೀನಿ ಬಿಡಿ. ಮೊದಲನೆಯವರು ಯಾರು, ಓದಿ ಅಮ್ಮ."

ನಾನು ರಿಜಿಸ್ಟರು ತೆರೆದೆ.

ಮೊದಲನೆಯವನು ಲಿಫ್ಟು ನಡೆಸುವವನು, ಮೂರು ಹೆಣ್ಣುಮಕ್ಕಳ ತಂದೆ. "ಬರ್ತೀವಿ ಅಂದಿದ್ದು ಮಕ್ಕಳು. ಅವನ ಎರಡೂ ಕೈಯಲ್ಲಿ ಸಾಮಾನಿತ್ತು, ತಲೆ ಅಲ್ಲಾಡಿಸಿದ," ಎಂದೆ. ಅವನು ಬರೆದ: ಸದರಿ ಹೇಳಿಕೆ ನೀಡಿದವರು ಅಪ್ರಾಪ್ತ ವಯಸ್ಕರಾದ್ದರಿಂದ ಪರಿಗಣಿಸತಕ್ಕದ್ದಲ್ಲ. ಎರಡನೆಯದು ಗುಂಡಿ ಹೊಲಿಯುವವಳು. ಬಾಗಿಲಲ್ಲಿ ಹೇಳಿ, ಗೇಟಿನಲ್ಲಿ ಹೇಳಿ, ಬೀದಿಯ ತಿರುವಿನಲ್ಲಿ ನಿಂತು ಮತ್ತೆ ಹೇಳಿದವಳು. ಅವನು ಬರೆದ: ಮೂರು ಬಾರಿ ಹೇಳಿರುವುದರಿಂದ ಇದು ಶಿಷ್ಟಾಚಾರವೇ ಹೊರತು ಯೋಜನೆಯಲ್ಲ. ಒಬ್ಬೊಬ್ಬರ ಹೆಸರು ಓದಿದ ಹಾಗೆ ಅವರು ಕಣ್ಣ ಮುಂದೆ ಬಂದರು. ಹೊರಡುವ ದಿನ ಎಲ್ಲ ಕೋಣೆಗಳ ಚಿಲಕಕ್ಕೂ ಎಣ್ಣೆ ಬಿಟ್ಟು ಹೋದ ಬಡಗಿ. ಮುಂದೆ ಬರುವವರಿಗೆಂದು ದಿಂಬಿನ ಚೀಲ ಒಗೆದು ಮಡಿಸಿಟ್ಟಿದ್ದ ಗಂಡಹೆಂಡಿರು. ನನ್ನ ಪೆನ್ನಿನಲ್ಲಿ ಶಾಯಿ ಮುಗಿದಿದೆ ಎಂದು ತನ್ನದನ್ನು ಬಿಟ್ಟುಹೋದ ಕಾವಲುಗಾರ. ಅವರು ಮಾಡಿದ್ದು ಯಾವುದಕ್ಕೂ ಕಾಲಂ ಇರಲಿಲ್ಲವಾಗಿ ನಾನು ಬರೆದಿರಲಿಲ್ಲ. ಈಗ ಬಾಯಲ್ಲಿ ಹೇಳಿದೆ. ಅವನು ನಲವತ್ತು ಅಕ್ಷರಕ್ಕೆ ಬೇಕಾದಷ್ಟನ್ನು ತೆಗೆದುಕೊಂಡ.

ಇಪ್ಪತ್ತೇಳಕ್ಕೆ ಅವನ ಕಾರಣಗಳು ಬತ್ತಿದವು. ಬೆರಳು ನೀವಿಕೊಂಡ. ಆಮೇಲೆ ಎಲ್ಲರೂ ಕೈ ಹಾಕಿದರು.

"ಬಸ್ಸಿನ ಸದ್ದಿಗೆ ಪುಸ್ತಕದಮ್ಮಂಗೆ ಸರಿಯಾಗಿ ಕೇಳ್ಸಿಲ್ಲ ಅಂತ ಬರೀರಿ," ಎಂದಳು ದೊಡ್ಡಕ್ಕ.

"ಅವಳಿಗೆ ಅಳು ಬಂದಿತ್ತು, ಏನಾದ್ರೂ ಒಂದು ಹೇಳಬೇಕಿತ್ತು ಅಂತ ಬರಿಯಪ್ಪ," ಎಂದಳು ಅತ್ತೆ.

"ಅವನು ನಾಲ್ಕನೇ ಕ್ಲಾಸಿಂದ ಎಲ್ಲರಿಗೂ ಹಾಗೇ ಹೇಳೋದು, ಪೊಲೀಸ್ ಸ್ಟೇಷನ್ನಿಂದ ಹೊರಡೋವಾಗಲೂ ಹೇಳಿದ್ದ," ಎಂದಳು ಗುಡುಗಮ್ಮ. ಅದು ನಲವತ್ತು ಅಕ್ಷರ ಮೀರಿತು. ಕಂಪ್ಯೂಟರು ಚಕಾರವೆತ್ತದೆ ತೆಗೆದುಕೊಂಡಿತು.

ಮೂರು ಗಂಟೆ ಐವತ್ತೆರಡು ನಿಮಿಷಕ್ಕೆ ನಲವತ್ತಮೂರನೆಯದು ಮುಗಿಯಿತು. ಅವನು ಕಳುಹಿಸುವ ಗುಂಡಿ ಒತ್ತಿ, ಟ್ಯಾಬ್ಲೆಟ್ಟು ನಮ್ಮ ಕಡೆ ತಿರುಗಿಸಿದ. ಅನ್ವಯಿಸುವ ಕುಟುಂಬಗಳು: ಒಂದು. ಯಶಸ್ವಿ ನಿರ್ಗಮನ: ಒಂದು. ಯಶಸ್ಸಿನ ಪ್ರಮಾಣ: ಶೇಕಡಾ ನೂರು.

"ನಾನೊಬ್ಬಳೇನಾ?" ಎಂದಳು ಗುಡುಗಮ್ಮ.

"ನೀವೊಬ್ಬರೇ."

ಅವಳು ಎದ್ದು ಅಡುಗೆಮನೆಗೆ ಹೋಗಿ, ಸೊಸೆಯ ಬೆನ್ನಿಗೊಂದು ಗುದ್ದು ಕೊಟ್ಟು, "ಅಳಬೇಡ, ನಾಳೆ ಐದಕ್ಕೆ ಕಂಬದ ಆಚೆ ನಿಂತಿರು" ಎಂದು ಗದರಿಸಿ ಹೊರಟುಹೋದಳು.

ಅನುದಾನ ಬಂತು. ಜೊತೆಗೆ ಅಭಿನಂದನಾ ಪತ್ರವೂ ಬಂತು. ಇಡೀ ಪ್ರತಿಷ್ಠಾನದಲ್ಲಿ ಶೇಕಡಾ ನೂರು ತಲುಪಿದ ಏಕೈಕ ಕೇಂದ್ರ ನಮ್ಮದಂತೆ. ಕ್ರಮಸಂಖ್ಯೆ ಹತ್ತೊಂಬತ್ತರ 'ದೃಢ ವಿದಾಯ ಪದ್ಧತಿ'ಯನ್ನು ಎಲ್ಲ ಕೇಂದ್ರಗಳೂ ಅಳವಡಿಸಿಕೊಳ್ಳಬೇಕು ಎಂದು ಸುತ್ತೋಲೆ ಹೊರಟಿತು. ಆ ವಾರದಲ್ಲೇ ಬೇರೊಂದು ಕೇಂದ್ರದಿಂದ ದೊಡ್ಡಕ್ಕನಿಗೆ ಫೋನು. "ಮೇಡಂ, ನಿಮ್ಮಲ್ಲಿ ಜಗಳ ಯಾರು ಶುರು ಮಾಡ್ತಾರೆ, ನೀವಾ ಅವರಾ?" ದೊಡ್ಡಕ್ಕ, "ಬಟ್ಟೆ ಹಗ್ಗದಿಂದ ಶುರು ಮಾಡಿ" ಎಂದು ಹೇಳಿ ಫೋನಿಟ್ಟಳು. ಸುತ್ತೋಲೆಯ ಕೊನೆಯಲ್ಲಿ ಇನ್ನೊಂದು ಸಾಲಿತ್ತು. ಇನ್ನು ಮುಂದೆ 'ಅನ್ವಯಿಸುವುದಿಲ್ಲ' ಎಂಬ ಆಯ್ಕೆ ಇರುವುದಿಲ್ಲ.

ಆ ಹತ್ತು ವಾರವೂ ಕಳೆಯಿತು. ಸೊಸೆಯ ಕೆಲಸ ಕಾಯಂ ಆಯಿತು, ಕ್ವಾರ್ಟರ್ಸಿನ ಬೀಗದ ಕೈ ಬಂತು. ಹೊರಡುವ ಬೆಳಿಗ್ಗೆ ಗುಡುಗಮ್ಮ ವ್ಯಾನು ತಂದು ಅಳತೆಗೆ ಸರಿಯಾಗಿ ಕಂಬದ ಆಚೆ ನಿಲ್ಲಿಸಿದಳು. ಎಲ್ಲ ಕೋಣೆಯವರೂ ಬಾಗಿಲಿಗೆ ಬಂದರು. ನಾನು ರಿಜಿಸ್ಟರು ತೆರೆದು, ಪೆನ್ನು ಹಿಡಿದು ಕುಳಿತೆ. ಹಿಂದಿನ ರಾತ್ರಿಯೇ ಅತ್ತೆ ಎಲ್ಲರಿಗೂ ಹೇಳಿಬಿಟ್ಟಿದ್ದಳಂತೆ: ಈ ಮನೆಗೆ ನಮ್ಮಿಂದ ಕೆಟ್ಟ ಮಾರ್ಕು ಬರಬಾರದು, ನಾನು ಜಗಳ ಆಡೇ ಹೋಗ್ತೀನಿ.

ಅವಳು ಹೊಸ್ತಿಲ ಮೇಲೆ ನಿಂತು ಗಂಟಲು ಸರಿಮಾಡಿಕೊಂಡಳು.

"ಈ ಮನೆ..." ಎಂದಳು. ಮುಂದೆ ಬರಲಿಲ್ಲ. ಸೊಸೆಯ ಕಡೆ ತಿರುಗಿ, "ಏನೇ ಬಾಯಿ ಬಿಟ್ಕೊಂಡು ನಿಂತಿದೀಯ, ಚೀಲ ಎತ್ತು. ಸರದಿ ನಿಂದು" ಎಂದಳು.

"ನನ್ನ ಅಲ್ಲ ಅತ್ತೆ. ಮನೇನ ಬೈಯಿರಿ."

"ಬೈತೀನಿ ಇರು. ಈ ಮನೆ... ಈ ಮನೇಲಿ ಕಿಟಕಿ ಸರಿಯಿಲ್ಲ."

"ಕಿಟಕಿ ಹೋದ ತಿಂಗಳೇ ಸರಿ ಮಾಡಿಸಿದ್ವಲ್ಲ ಅಜ್ಜಿ," ಎಂದಳು ದೊಡ್ಡಕ್ಕ. ಆಮೇಲೆ ತಪ್ಪು ಗೊತ್ತಾಗಿ, "ನೀರು ಹಿಡ್ಕೊಳ್ಳಿ, ನೀರು. ಎರಡು ದಿನ ಬರ್ಲಿಲ್ಲ" ಎಂದು ಪಿಸುಗುಟ್ಟಿದಳು.

"ಅದಕ್ಕೆ ನೀನೇನು ಮಾಡ್ತೀಯಮ್ಮ, ಪಾಪ. ಪಕ್ಕದ ಬೀದಿಯಿಂದ ನೀನೇ ಹೊತ್ತು ತಂದೆಯಲ್ಲ."

ಕಂಬದ ಹತ್ತಿರದಿಂದ ಗುಡುಗಮ್ಮ ಹಾರ್ನು ಹೊಡೆದಳು. "ಜೋರಾಗಿ ಅಜ್ಜಿ. ಇಲ್ಲಿಗೆ ಕೇಳಿಸ್ತಿಲ್ಲ." ಇನ್ನೂ ಏನೂ ಬಾರದ್ದನ್ನು ನೋಡಿ ಅವಳೇ ಇಳಿದು, ಕಂಬದ ಆಚೆಯಿಂದಲೇ ಸೊಂಟಕ್ಕೆ ಕೈಯಿಟ್ಟು ಹೇಳಿಕೊಟ್ಟಳು. "ಇದೂ ಒಂದು ಮನೇನಾ?"

"ಇದೂ ಒಂದು ಮನೇನಾ," ಎಂದಳು ಅತ್ತೆ, ಮಗ್ಗಿ ಒಪ್ಪಿಸುವವಳ ಹಾಗೆ.

"ಮನುಷ್ಯರು ಇರ್ತಾರಾ ಇಲ್ಲಿ?"

"ಮನುಷ್ಯರು ಇರ್ತಾರೆ ಇಲ್ಲಿ."

"ಹಾಗಲ್ಲ ಅಜ್ಜಿ. ಬಿಡಿ, ಕೊನೇದು ಒಂದು ಹೇಳಿ. ಹೋಗ್ತೀನಿ."

ಅತ್ತೆ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡಳು. "ಹೋಗ್ತೀನಿ," ಎಂದಳು, ಪಕ್ಕದವರಿಗೆ ಮಾತ್ರ ಕೇಳಿಸುವಷ್ಟು ಮೆಲ್ಲಗೆ. ಸೊಸೆ ಒಂದು ಕೈಯಲ್ಲಿ ಚೀಲ, ಇನ್ನೊಂದು ಕೈಯಲ್ಲಿ ಅವಳ ತೋಳು ಹಿಡಿದು ಮೆಟ್ಟಿಲು ಇಳಿಸಿದಳು.

ನಾನು ಕಾಲಂ ತುಂಬಿದೆ. ತಲೆ ಎತ್ತಿದರೆ ಅತ್ತೆ ಸೊಸೆಯ ಕೈ ಬಿಡಿಸಿಕೊಂಡು ಗೇಟಿನಿಂದ ತಿರುಗಿ ಬರುತ್ತಿದ್ದಳು. ಮೆಟ್ಟಿಲ ಕೆಳಗೆ ನಿಂತು, ಏದುಸಿರು ಬಿಡುತ್ತಾ ನನ್ನ ಕೈಯಲ್ಲಿದ್ದ ರಿಜಿಸ್ಟರನ್ನು ನೋಡಿದಳು.

"ಬರ್ಕೊಂಡ್ರಾ? ಸರಿಯಾಗಿ ಬಂತಾ? ಇನ್ನೊಂದ್ಸಲ ಹೇಳ್ಲಾ?"

ಸರಿಯಾಗಿ ಬಂದಿದೆ ಎಂದೆ.